ರಕೀಮ್ ಶೈಲಿಯಲ್ಲಿ ಕನ್ನಡ ರ‍್ಯಾಪ್: 16 ಬಾರ್‌ಗಳ ಅಭ್ಯಾಸದ ದಾಖಲೆ

ಮೊದಲನೆಯ ವಾರ

ಅಮೆರಿಕದ ರ‍್ಯಾಪರ್ ರಕೀಮ್ ಅವರಂತೆ ರ‍್ಯಾಪ್ ಹೇಳಲು ಕಲಿಯಬೇಕು, ಆದರೆ ಅದನ್ನು ಕನ್ನಡದಲ್ಲಿಯೇ ಹೇಳಬೇಕು ಎಂಬ ಆಸೆ ನನ್ನಲ್ಲಿ ಹಲವು ವರ್ಷಗಳಿಂದ ಇದೆ. ಈ ಬಾರಿ ಅದನ್ನು ಅಳೆಯಬಹುದಾದ ಗುರಿಯಾಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ನಿಮಿಷಕ್ಕೆ 90 ಪೆಟ್ಟುಗಳ ಬೀಟ್ ಮೇಲೆ 16 ಬಾರ್‌ಗಳ ಒಂದು ವರ್ಸ್ (ಪದ್ಯಭಾಗ) ಬರೆಯಬೇಕು. ಅದನ್ನು ಎಲ್ಲಿಯೂ ಕತ್ತರಿಸಿ ಜೋಡಿಸದೆ ಒಂದೇ ಟೇಕ್‌ನಲ್ಲಿ ಹೇಳಿ ಮುಗಿಸಬೇಕು. ಬಾರ್ ಎಂದರೆ ತಾಳದ ಒಂದು ಸುತ್ತು; ಬಾರ್ ಒಂದಕ್ಕೆ ನಾಲ್ಕು ಪೆಟ್ಟಿನಂತೆ ಒಟ್ಟು 64 ಪೆಟ್ಟು, ಎಂದರೆ ಸುಮಾರು 43 ಸೆಕೆಂಡು. ಕೇಳುವುದಕ್ಕೆ ಇದು ಅಲ್ಪ ಕಾಲ ಎನಿಸಬಹುದು, ಆದರೆ ಮೈಕಿನ ಮುಂದೆ ಕುಳಿತವರಿಗೆ ಅದರ ಉದ್ದ ತಿಳಿದಿರುತ್ತದೆ.

ಕನ್ನಡದಲ್ಲಿ ರ‍್ಯಾಪ್ ಹೊಸದೇನಲ್ಲ. ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರು ಅದನ್ನು ಮನೆಮನೆಗೆ ತಲುಪಿಸಿದ್ದಾರೆ, ಮತ್ತು ಅವರನ್ನು ಕೇಳದೆ ಹೋಗಿದ್ದರೆ ನಮ್ಮ ಭಾಷೆ ಬೀಟ್ ಮೇಲೆ ನಿಲ್ಲುತ್ತದೆ ಎಂಬ ಧೈರ್ಯವೇ ನನಗೆ ಬರುತ್ತಿರಲಿಲ್ಲ. ಆದರೂ ನನ್ನ ಕಿವಿ ಮರಳಿ ಮರಳಿ ಹೋಗುವುದು ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ ಬೆಳೆದ ರಕೀಮ್ ಅವರ ಕಡೆಗೆ. ಡಿಜೆ ಎರಿಕ್ ಬಿ. ಅವರ ಜೊತೆಯಲ್ಲಿ 1987ರಲ್ಲಿ ‘ಪೇಯ್ಡ್ ಇನ್ ಫುಲ್’, 1988ರಲ್ಲಿ ‘ಫಾಲೋ ದ ಲೀಡರ್’ ಎಂಬ ಆಲ್ಬಮ್‌ಗಳನ್ನು ಹೊರತಂದ ಅವರು, ಆಗಿನ ರ‍್ಯಾಪ್‌ನಲ್ಲಿ ಸಾಮಾನ್ಯವಾಗಿದ್ದ ಕೂಗಿ ಹೇಳುವ ರೀತಿಯನ್ನು ಬಿಟ್ಟು ತಗ್ಗಿದ, ಸಮಾಧಾನದ ದನಿಯಲ್ಲಿ ಮಾತನಾಡಿದರು. ಅವರು ಹುಡುಗನಾಗಿದ್ದಾಗ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು, ಜಾನ್ ಕೋಲ್ಟ್ರೇನ್ ಅವರ ವಾದನವನ್ನು ಮನಸ್ಸಿಟ್ಟು ಕೇಳಿದ್ದರು. ಅವರ ಮಾತಿನ ನಡೆಯಲ್ಲಿ ಆ ವಾದ್ಯದ ಉಸಿರು ಇರುವುದು ಎರಡನೆಯ ಬಾರಿ ಕೇಳಿದಾಗಲೇ ಗೊತ್ತಾಗುತ್ತದೆ.

ಮೂರನೆಯ ವಾರ

ಈ ಎರಡು ವಾರಗಳಲ್ಲಿ ಒಂದು ಸಾಲನ್ನೂ ಬರೆದಿಲ್ಲ, ಕೇಳಿದ್ದೇನೆ ಅಷ್ಟೇ. ಚೌಕುಳಿ ಹಾಳೆಯಲ್ಲಿ ಪ್ರತಿ ಬಾರ್‌ಗೆ 16 ಮನೆಗಳನ್ನು ಹಾಕಿಕೊಂಡು, ರಕೀಮ್ ಅವರ ಒಂದೇ ಒಂದು ವರ್ಸ್‌ನ ಪ್ರಾಸಗಳು ಯಾವ ಯಾವ ಮನೆಯಲ್ಲಿ ಬೀಳುತ್ತವೆ ಎಂದು ಬಣ್ಣದ ಪೆನ್ಸಿಲ್‌ನಿಂದ ಗುರುತಿಸಿದೆ. 1, 5, 9 ಮತ್ತು 13ನೆಯ ಮನೆಗಳು ಪೆಟ್ಟಿನ ಮನೆಗಳು. ಅವುಗಳಲ್ಲಿ 5 ಮತ್ತು 13ರಲ್ಲಿ ಸ್ನೇರ್ ಡ್ರಮ್ ಬಡಿಯುತ್ತದೆ.

ಅವರಿಗಿಂತ ಮುಂಚಿನ ಹೆಚ್ಚಿನ ರ‍್ಯಾಪ್ ಗೀತೆಗಳಲ್ಲಿ ಪ್ರಾಸ ಸಾಲಿನ ಕೊನೆಗೆ, ನಾಲ್ಕನೆಯ ಪೆಟ್ಟಿನ ಹತ್ತಿರ ಬಂದು ಕುಳಿತುಕೊಳ್ಳುತ್ತಿತ್ತು. ರಕೀಮ್ ಅವರ ಹಾಳೆಯಲ್ಲಿ ಬಣ್ಣ ಎಲ್ಲೆಡೆ ಹರಡಿಕೊಂಡಿದೆ: ಸಾಲಿನ ನಡುವೆ ಒಂದು, ಪೆಟ್ಟಿನ ಬೆನ್ನಿಗೆ ಇನ್ನೊಂದು, ಮುಂದಿನ ಬಾರ್‌ನ ಮೊದಲ ಮನೆಯಲ್ಲಿ ಮತ್ತೊಂದು. ಒಂದು ಅಕ್ಷರಕ್ಕೆ ಒಂದು ಅಕ್ಷರ ಹೊಂದುವ ಬದಲು ಎರಡು ಮೂರು ಅಕ್ಷರಗಳ ಗುಂಪೇ ಇನ್ನೊಂದು ಗುಂಪಿಗೆ ಹೊಂದುತ್ತದೆ. ವಾಕ್ಯ ಬಾರ್‌ನ ಗಡಿಯಲ್ಲಿ ನಿಲ್ಲದೆ ಆಚೆಗೆ ಹರಿಯುತ್ತದೆ. ಒಳಪ್ರಾಸ, ಗುಂಪುಪ್ರಾಸ, ಗಡಿ ದಾಟುವ ವಾಕ್ಯ ಮತ್ತು ಏರದ ದನಿ, ಇಷ್ಟನ್ನು ಕಲಿಯಬೇಕಾಗಿದೆ. ಅವರ ಪದಗಳನ್ನು ಅನುಕರಿಸುವ ಉದ್ದೇಶ ನನಗಿಲ್ಲ. ಅವರ ಕಟ್ಟಡ ಹೇಗೆ ನಿಂತಿದೆ ಎಂದು ತಿಳಿಯಬೇಕು.

ಐದನೆಯ ವಾರ

ಮೊದಲ ವರ್ಸ್ ಬರೆದೆ, ಮತ್ತು ಅದು ಸಂಪೂರ್ಣವಾಗಿ ಸೋತಿತು. ಅದರ ಎರಡು ಸಾಲುಗಳನ್ನು ಇಲ್ಲಿ ದಾಖಲಿಸುತ್ತೇನೆ:

ಬೆಳಗಿನ ಬಸ್ಸಿಗೆ ಕಾಯುತ್ತಿದ್ದೆ
ಊರಿನ ನೆನಪಲಿ ತೇಲುತ್ತಿದ್ದೆ

ತಾಳ ತಪ್ಪಿಲ್ಲ, ಪ್ರಾಸವೂ ಇದೆ. ಆದರೆ ಹದಿನಾರು ಬಾರ್ ಇದೇ ರೀತಿ ಸಾಗಿದಾಗ ಶಾಲೆಯ ವಾರ್ಷಿಕೋತ್ಸವದ ಪದ್ಯದಂತೆ ಕೇಳಿಸಿತು. ಕಾರಣ ಹುಡುಕಲು ಮೂರು ದಿನ ಹಿಡಿಯಿತು. ಕನ್ನಡದ ವಾಕ್ಯ ಕ್ರಿಯಾಪದದಿಂದ ಮುಗಿಯುತ್ತದೆ, ಕ್ರಿಯಾಪದ ಪ್ರತ್ಯಯದಿಂದ ಮುಗಿಯುತ್ತದೆ. ಆದ್ದರಿಂದ ‘ಉತ್ತಿದ್ದೆ’ಗೆ ‘ಉತ್ತಿದ್ದೆ’, ‘ಅಲ್ಲಿ’ಗೆ ‘ಅಲ್ಲಿ’, ‘ಇಂದ’ಕ್ಕೆ ‘ಇಂದ’ ಯಾವ ಶ್ರಮವೂ ಇಲ್ಲದೆ ಒದಗುತ್ತವೆ. ಕೇಳುವವರ ಕಿವಿಗೆ ಇದು ಮೊದಲೇ ಗೊತ್ತಿರುವುದರಿಂದ ಅಂಥ ಪ್ರಾಸ ಅವರನ್ನು ಎಚ್ಚರಿಸುವುದಿಲ್ಲ. ಪ್ರತ್ಯಯ ಎಲ್ಲರದು, ಧಾತು ಮಾತ್ರ ಆ ಪದದ್ದು. ಹಾಗಾದರೆ ಪ್ರಾಸವನ್ನು ಬಾಲದಿಂದ ಕಿತ್ತು ಪದದ ತಲೆಯ ಕಡೆಗೆ ತರಬೇಕು.

ಆರರಿಂದ ಒಂಬತ್ತನೆಯ ವಾರ

ಈ ಅಭ್ಯಾಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ನಾಲ್ಕು ವಾರಗಳು ಇವು.

ಪ್ರೌಢಶಾಲೆಯಲ್ಲಿ ‘ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಛಂದಸ್ಸಿನ ಹೆಸರು ಬರೆಯಿರಿ’ ಎಂಬ ಪ್ರಶ್ನೆಗೆ ಅಂಕಕ್ಕಾಗಿ ಉತ್ತರ ಬರೆದು ಮರೆತಿದ್ದ ಪಾಠವನ್ನು ಮತ್ತೆ ತೆರೆದೆ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ, ಅನುಸ್ವಾರ ಇರುವುದು, ಒತ್ತಕ್ಷರದ ಹಿಂದಿನದು ಗುರು, ಅದಕ್ಕೆ ಎರಡು ಮಾತ್ರೆ. ಪರಿವರ್ಧಿನಿ ಷಟ್ಪದಿಯ ಮೊದಲ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣಗಳಿರುತ್ತವೆ, ಎಂದರೆ 16 ಮಾತ್ರೆಗಳು. ನನ್ನ ಚೌಕುಳಿ ಹಾಳೆಯ ಒಂದು ಬಾರ್‌ನಲ್ಲಿ ಇರುವುದೂ ಅಷ್ಟೇ ಮನೆಗಳು. ಇದು ಹೊಳೆದ ರಾತ್ರಿ ನಾನು ಬಹಳ ಹೊತ್ತು ನಿದ್ದೆ ಮಾಡಲಿಲ್ಲ.

ಅದಕ್ಕಿಂತ ದೊಡ್ಡ ಸಹಾಯ ಸಿಕ್ಕಿದ್ದು ದ್ವಿತೀಯಾಕ್ಷರ ಪ್ರಾಸದಿಂದ. ನಮ್ಮ ಹೆಚ್ಚಿನ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಕೊನೆಗೆ ಬರುವುದಿಲ್ಲ. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದರ ಸ್ವರ ಬೇರೆಯಾದರೂ ನಡೆಯುತ್ತದೆ, ಅದರ ಹಿಂದಿನ ಅಕ್ಷರದ ತೂಕ ಮಾತ್ರ ಹೊಂದಬೇಕು. ನಾಗವರ್ಮನ ‘ಛಂದೋಂಬುಧಿ’ ಇದನ್ನು ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಬಗೆಯಾಗಿ ವಿಂಗಡಿಸುತ್ತದೆ. ಲಘುವಿನ ನಂತರ ಬಂದರೆ ಸಿಂಹಪ್ರಾಸ, ಇಮ್ಮಡಿ ವ್ಯಂಜನವಾಗಿ ಬಂದರೆ ಹಯಪ್ರಾಸ. ಕನ್ನಡ ಪದದ ಎರಡನೆಯ ಅಕ್ಷರ ಸಾಮಾನ್ಯವಾಗಿ ಧಾತುವಿನೊಳಗೇ ಇರುತ್ತದೆ, ಹಾಗಾಗಿ ಪ್ರತ್ಯಯದ ಅಗ್ಗದ ಹೊಂದಿಕೆ ಇಲ್ಲಿ ಸಾಧ್ಯವೇ ಇಲ್ಲ. ಹಳಬರು ಸಾಲಿಗೊಮ್ಮೆ ಇಟ್ಟಿದ್ದನ್ನು ನಾನು ಗಣಕ್ಕೊಮ್ಮೆ ಇಟ್ಟು ನೋಡಿದೆ:

ನಡುವಿರುಳೊಡೆದಿದೆ ಕಡಲಿನ ಸದ್ದಲಿ

ನಡುವಿರು, ಳೊಡೆದಿದೆ, ಕಡಲಿನ, ಸದ್ದಲಿ ಎಂದು ನಾಲ್ಕು ಗಣ. ಮೊದಲ ಮೂರರಲ್ಲಿ ‘ಡ’ಕಾರ 2, 6 ಮತ್ತು 10ನೆಯ ಮನೆಗಳಲ್ಲಿ ಬೀಳುತ್ತದೆ; ಪೆಟ್ಟಿನ ಮೇಲೆ ಬೀಳದೆ ಪ್ರತಿ ಪೆಟ್ಟಿನ ಮರುಮಾತ್ರೆಯಲ್ಲಿ ಬೀಳುತ್ತದೆ. ರಕೀಮ್ ಅವರ ಹಾಳೆಯಲ್ಲಿ ನಾನು ಬಣ್ಣ ಹಚ್ಚಿದ್ದ ‘ಪೆಟ್ಟಿನ ಬೆನ್ನಿಗೆ ಬರುವ ಪ್ರಾಸ’ವನ್ನು ಕನ್ನಡದ ನಿಯಮವೇ ತಾನಾಗಿ ತಂದುಕೊಟ್ಟಿತು.

ಎರಡನೆಯ ಬಾರ್‌ಗೆ ಮೊದಲು ಬರೆದದ್ದು ‘ಗುಡುಗಿನ ನಡುವೆಯು ನುಡಿ ತಡೆಯದೆ ನಡೆ’ ಎಂದು. ಹಾಳೆಯ ಮೇಲೆ ಇದು ಬಹಳ ಸೊಗಸಾಗಿ ಕಂಡಿತು. ಬಾಯಿಗೆ ಬಂದಾಗ ಮಾತ್ರ ನಾಲಿಗೆ ಎಡವಿತು, ಏಕೆಂದರೆ ಅದರಲ್ಲಿರುವ 16 ಅಕ್ಷರಗಳೂ ಲಘು. 90ರ ವೇಗದಲ್ಲಿ ಸೆಕೆಂಡಿಗೆ 6 ಅಕ್ಷರ ಬರುತ್ತವೆ, ಒಂದೂ ಗುರು ಇಲ್ಲದ್ದರಿಂದ ದನಿ ಕಾಲೂರುವ ಜಾಗವೇ ಇಲ್ಲ. ಹನ್ನೊಂದು ಬಾರಿ ತಿದ್ದಿದ ಮೇಲೆ ಈ ರೂಪಕ್ಕೆ ಬಂದಿತು:

ಗುಡುಗಿಗು ಹೆದರದೆ ನುಡಿಯೊಂದೆದ್ದಿತು

ಈಗ ‘ಯೊಂ’ ಮತ್ತು ‘ದೆ’ ಎಂಬ ಎರಡು ಗುರುಗಳು ಸಾಲಿನ ಕೊನೆಯ ಭಾಗವನ್ನು ಹಿಡಿದು ನಿಲ್ಲಿಸುತ್ತವೆ. ಮೊದಲ ಸಾಲಿನ ‘ಸದ್ದಲಿ’ಗೂ ಎರಡನೆಯ ಸಾಲಿನ ‘ಎದ್ದಿತು’ವಿಗೂ ಪ್ರತ್ಯಯದಲ್ಲಿ ಯಾವ ಸಂಬಂಧವೂ ಇಲ್ಲ, ಆದರೆ ಎರಡರಲ್ಲಿಯೂ ‘ದ್ದ’ಕಾರ ಸರಿಯಾಗಿ 15ನೆಯ ಮನೆಯಲ್ಲಿ ಬಂದು ಹಯಪ್ರಾಸವಾಗುತ್ತದೆ. ಸಾಲು ಪ್ರಾಸದಿಂದಲೇ ಮುಗಿಯಿತು, ಆದರೆ ಬಾಲದ ಪ್ರಾಸದಿಂದ ಅಲ್ಲ.

ಹತ್ತನೆಯ ವಾರ

ಗಂಟಲು ಕೆಟ್ಟಿದ್ದರಿಂದ ಹೇಳುವುದನ್ನು ನಿಲ್ಲಿಸಿ ಕೇವಲ ಬರೆದೆ. ಆರು ಬಾರ್ ಸಿದ್ಧವಾಗಿವೆ.

ಹನ್ನೆರಡನೆಯ ವಾರ

ಮೃದಂಗ ಕಲಿಯುತ್ತಿರುವ ಗೆಳೆಯನೊಬ್ಬನಿಗೆ ಆರೂ ಬಾರ್‌ಗಳನ್ನು ಹೇಳಿ ತೋರಿಸಿದೆ. ಅವನು ಪೂರ್ತಿ ಕೇಳಿ, ಪ್ರತಿ ಗಣವೂ ಪೆಟ್ಟಿನ ಮೇಲೆಯೇ ಶುರುವಾಗುತ್ತಿದೆ, ನಡೆ ಮುರಿಯುವುದೇ ಇಲ್ಲ ಎಂದನು. ಅವನ ಮಾತು ಸರಿ. ರಕೀಮ್ ಅವರು ಒತ್ತು ಬೀಳುವ ಅಕ್ಷರವನ್ನು ಸ್ಥಳದಿಂದ ಸರಿಸಿ ತಾಳಕ್ಕೆ ಅಡ್ಡವಾಗಿ ನಡೆಯುತ್ತಾರೆ. ನಾನು ಪೆರೇಡ್ ಮಾಡುತ್ತಿದ್ದೆ. ಗೆಳೆಯ ತೊಡೆಯ ಮೇಲೆ ತಾಳ ಹಾಕುತ್ತ ‘ತಕಿಟ ತಕಿಟ ತಕಿಟ ತಕಿಟ ತಕಧಿಮಿ’ ಎಂದು ಹೇಳಿಕೊಟ್ಟನು: ಮೂರರ ನಾಲ್ಕು ಗುಂಪು, ನಾಲ್ಕರ ಒಂದು ಗುಂಪು, ಒಟ್ಟು 16. ಆ ಅಳತೆಗೆ ಏಳನೆಯ ಬಾರ್ ಹೀಗೆ ಆಯಿತು:

ಮೇಲೆ ಮೋಡ ಕೆಳಗೆ ಅಲೆಯ ನಡುವಲಿ

ಗುಂಪುಗಳು 1, 4, 7, 10 ಮತ್ತು 13ನೆಯ ಮನೆಗಳಲ್ಲಿ ಆರಂಭವಾಗುತ್ತವೆ. ನಡುವಿನ ಮೂರು ಗುಂಪುಗಳು ಪೆಟ್ಟಿಗೆ ತಪ್ಪಿ ಬರುತ್ತವೆ, ಕೊನೆಯದಾದ ‘ನಡುವಲಿ’ ನಾಲ್ಕನೆಯ ಪೆಟ್ಟಿಗೆ, ಸ್ನೇರ್‌ನ ಮೇಲೆಯೇ ಬಂದು ಇಳಿಯುತ್ತದೆ. ತಾಳ ಹಿಡಿಯುವ ಯಂತ್ರವಾದ ಮೆಟ್ರೊನೋಮ್ ಅನ್ನು 60ಕ್ಕೆ ಇಳಿಸಿ, ದಿನಕ್ಕೆ ನಲವತ್ತು ಬಾರಿಯಂತೆ ಹೇಳಿ, ವಾರದ ಕೊನೆಗೆ 90ಕ್ಕೆ ಏರಿಸಿದೆ. ಮೊದಲ ಬಾರಿಗೆ ನನ್ನ ಧ್ವನಿಮುದ್ರಣವನ್ನು ಕೇಳಿ ತಲೆ ತಾನಾಗಿ ಆಡಿತು.

ಹದಿನಾಲ್ಕನೆಯ ವಾರ

ಗಡಿ ದಾಟುವ ವಾಕ್ಯದ ಸಮಸ್ಯೆಗೆ ಕೈಹಾಕಿದೆ. ಗಮಕಿಗಳು ಕುಮಾರವ್ಯಾಸನನ್ನು ಓದುವುದನ್ನು ಕೇಳಿದವರಿಗೆ ಗೊತ್ತಿರುವಂತೆ, ಭಾಮಿನಿ ಷಟ್ಪದಿಯಲ್ಲಿ ಪದ ಒಂದು ಸಾಲಿನಲ್ಲಿ ಹುಟ್ಟಿ ಮುಂದಿನ ಸಾಲಿನಲ್ಲಿ ಮುಗಿಯಬಹುದು. ಸಾಲಿನ ಕೊನೆ ಎಂದರೆ ವಾಕ್ಯದ ಕೊನೆ ಎಂಬ ಕಟ್ಟುಪಾಡು ನಮ್ಮಲ್ಲಿ ಇರಲೇ ಇಲ್ಲ. ಇದಲ್ಲದೆ ಕನ್ನಡದಲ್ಲಿ ‘ಬರೆದ’, ‘ಕಂಡ’, ‘ಬಿಟ್ಟ’ ಮುಂತಾದ ರೂಪಗಳು ಮುಂದೆ ಒಂದು ನಾಮಪದವನ್ನು ಬೇಡುತ್ತವೆ. ಅಂಥದ್ದನ್ನು ಬಾರ್‌ನ ಕೊನೆಯಲ್ಲಿ ಇಟ್ಟರೆ ಕೇಳುವವರು ಗಡಿ ದಾಟಲೇಬೇಕಾಗುತ್ತದೆ:

ಅಳಿಸದ ಹೆಸರನು ಬಳಪದಿ ಬರೆದಾ
ಹಳೆ ಗೋಡೆಯ ನೆರಳಲಿ ನಿಂತಿರುವೆ

‘ಬರೆದಾ’ ಎಂಬಲ್ಲಿ ದನಿ ನಿಲ್ಲುವುದಿಲ್ಲ, ಚಾಚಿಕೊಳ್ಳುತ್ತದೆ. ‘ಳ’ಕಾರ ಮೊದಲ ಸಾಲಿನ 2 ಮತ್ತು 10ನೆಯ ಮನೆಗಳಲ್ಲಿದ್ದು, ಎರಡನೆಯದರಲ್ಲಿ 2ನೆಯ ಮನೆಯಿಂದ ಹೊರಟು ‘ನೆರಳಲಿ’ಯಲ್ಲಿ 9ಕ್ಕೆ, ಮೂರನೆಯ ಪೆಟ್ಟಿನ ಮೇಲೆಯೇ ಸರಿದು ಬೀಳುತ್ತದೆ. ಎರಡನೆಯ ಸಾಲಿನಲ್ಲಿ 15 ಮಾತ್ರೆಗಳಷ್ಟೇ ಇವೆ. ಉಳಿದ ಒಂದು ಮಾತ್ರೆ ಉಸಿರಿಗೆ. ಈ ಎರಡು ಬಾರ್‌ಗಳಲ್ಲಿ ನಾನು ಬಯಸಿದ್ದಕ್ಕೆ ಅತ್ಯಂತ ಹತ್ತಿರ ಬಂದಿದ್ದೇನೆ ಎಂದು ನಂಬುತ್ತೇನೆ.

ಹದಿನೇಳನೆಯ ವಾರ

ಈಗ ದನಿಯ ಕೆಲಸ. ಹಳೆಯ ಟೇಕ್‌ಗಳನ್ನು ಸಾಲಾಗಿ ಕೇಳಿದಾಗ ಎರಡು ದೋಷಗಳು ಸ್ಪಷ್ಟವಾದವು. ಒಂದು, ನಾಲ್ಕನೆಯ ಬಾರ್ ಹೊತ್ತಿಗೆ ದನಿ ಏರುತ್ತಿತ್ತು. ಇನ್ನೊಂದು ನನ್ನನ್ನು ಹೆಚ್ಚು ನೋಯಿಸಿತು: ವರ್ಷಗಟ್ಟಲೆ ಇಂಗ್ಲಿಷ್ ರ‍್ಯಾಪ್ ಕೇಳಿದ ನಾಲಿಗೆ ‘ಕಡಲಿನ’ದ ‘ಡ’ವನ್ನು ತೆಳುಮಾಡುತ್ತಿತ್ತು, ‘ಬಳಪ’ವನ್ನು ‘ಬಲಪ’ಕ್ಕೆ ಹತ್ತಿರ ಒಯ್ಯುತ್ತಿತ್ತು, ಇಲ್ಲದ ಕಡೆ ಒತ್ತು ಕೊಟ್ಟು ಲಘುವನ್ನು ಗುರು ಮಾಡುತ್ತಿತ್ತು. ಇಂಗ್ಲಿಷ್ ಒತ್ತಿನ ಮೇಲೆ ನಡೆಯುವ ಭಾಷೆ, ಕನ್ನಡ ಮಾತ್ರೆಯ ಮೇಲೆ ನಡೆಯುವ ಭಾಷೆ. ರಕೀಮ್ ಅವರ ಒತ್ತನ್ನು ಹಾಗೆಯೇ ತಂದರೆ ಕನ್ನಡ ಪರಭಾಷೆಯಾಗುತ್ತದೆ. ಆದ್ದರಿಂದ ಪ್ರತಿ ಟೇಕ್‌ಗೆ ಮುಂಚೆ ಬೀಟ್ ಇಲ್ಲದೆ, ಆಕಾಶವಾಣಿಯ ವಾರ್ತೆ ಓದುವವರಂತೆ ಇಡೀ ವರ್ಸನ್ನು ಒಮ್ಮೆ ಸ್ಪಷ್ಟವಾಗಿ ಓದುತ್ತೇನೆ. ಬಟ್ಟೆಯ ಕಪಾಟಿನ ಬಾಗಿಲು ತೆರೆದು, ಅದರ ಮುಂದೆ ಸ್ಟೂಲ್ ಹಾಕಿ ಕುಳಿತು, ಮೈಕಿನಿಂದ ಒಂದು ಗೇಣು ದೂರದಲ್ಲಿ, ಪಕ್ಕದಲ್ಲಿರುವ ಒಬ್ಬರಿಗೆ ಕೇಳಿಸುವಷ್ಟೇ ದನಿಯಲ್ಲಿ ಹೇಳುತ್ತೇನೆ. ಕುಳಿತು ಹೇಳಿದಾಗ ದನಿ ಏರುವುದು ಗಮನಾರ್ಹವಾಗಿ ಕಡಿಮೆಯಾಗಿದೆ.

ಇಪ್ಪತ್ತೊಂದನೆಯ ವಾರ

ಹದಿನಾರೂ ಬಾರ್‌ಗಳು ಬರೆದು ಮುಗಿದಿವೆ. ಈ ವಾರ 31 ಟೇಕ್‌ಗಳಾದವು. ಅವುಗಳಲ್ಲಿ ಅತ್ಯುತ್ತಮವಾದದ್ದು ಹದಿಮೂರನೆಯ ಬಾರ್‌ವರೆಗೆ ಒಂದೂ ತಪ್ಪಿಲ್ಲದೆ ಸಾಗಿ, ಹದಿನಾಲ್ಕರಲ್ಲಿ ಉಸಿರು ಸಾಲದೆ ನಿಂತಿತು. ಹಾಳೆಯನ್ನು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ: 10ರಿಂದ 13ರವರೆಗಿನ ನಾಲ್ಕು ಬಾರ್‌ಗಳಲ್ಲಿ 64 ಮಾತ್ರೆಗಳೂ ತುಂಬಿವೆ, ಒಂದು ಮನೆಯೂ ಖಾಲಿ ಇಲ್ಲ. ಸ್ಯಾಕ್ಸೊಫೋನ್ ನುಡಿಸುವವರು ಉಸಿರನ್ನು ಸ್ವರದಷ್ಟೇ ಎಚ್ಚರದಿಂದ ಜೋಡಿಸುತ್ತಾರೆ ಎಂಬುದನ್ನು ಮೊದಲ ವಾರವೇ ಬರೆದುಕೊಂಡಿದ್ದರೂ ಈ ನಾಲ್ಕು ಸಾಲುಗಳಲ್ಲಿ ಅದನ್ನು ಪಾಲಿಸಿಲ್ಲ. ಭಾಮಿನಿಯ ಮೊದಲ ಸಾಲಿಗೆ 14 ಮಾತ್ರೆ. ಅದನ್ನು ಬಾರ್‌ನಲ್ಲಿ ಇಟ್ಟರೆ ಎರಡು ಮನೆ ತಾನಾಗಿ ಉಳಿಯುತ್ತದೆ. ಹನ್ನೆರಡನೆಯ ಬಾರನ್ನು ಒಡೆದು, ಮೂರು ನಾಲ್ಕರ ಆ ನಡೆಯಲ್ಲಿ ಹೊಸದಾಗಿ ಬರೆಯುತ್ತಿದ್ದೇನೆ. ಈವರೆಗೆ ಅದರ ಮೊದಲ ಏಳು ಮಾತ್ರೆಗಳು ಸಿಕ್ಕಿವೆ.