ಮಾವನ ಕೈಗೆ ಬಂದ ವರಾಹ

ಬೆಳಿಗ್ಗೆ ಊರಿಂದ ಸೋದರಮಾವನ ಫೋನ್. ಪಾಯ ತೋಡುವಾಗ ಕೃಷ್ಣದೇವರಾಯನ ಕಾಲದ ಚಿನ್ನದ ನಾಣ್ಯ ಸಿಕ್ಕಿವೆ ಅಂತ ಯಾರೋ ಒಂದನ್ನು ಕೈಗಿಟ್ಟು ಹೋಗಿದ್ದಾರಂತೆ. ಅಕ್ಕಸಾಲಿಗರು ಒರೆಗೆ ಹಚ್ಚಿ ನೋಡಿದರೆ ಅಪ್ಪಟ ಚಿನ್ನ.

ನನ್ನ ಎದೆ ಧಸಕ್ಕೆಂದಿತು. ಈ ಮೋಸ ಶುರುವಾಗುವುದೇ ಹಾಗೆ. ಪರೀಕ್ಷೆಗೆ ಕೊಡುವುದು ಅಸಲಿ, ದುಡ್ಡು ಕೊಟ್ಟ ಮೇಲೆ ಗಂಟಿನಲ್ಲಿ ಸಿಗುವುದು ಹಿತ್ತಾಳೆ.

"ಮಾವ, ಒಂದನ್ನು ನೋಡಿ ಉಳಿದದ್ದನ್ನು ನಂಬಬೇಡಿ" ಅಂದೆ. ವಿಜಯನಗರದ ವರಾಹ, ಅಂದರೆ ಆ ಕಾಲದ ಚಿನ್ನದ ನಾಣ್ಯ, ಸುಮಾರು 3.4 ಗ್ರಾಂ ತೂಗುತ್ತದೆ. ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಚಿನ್ನದ್ದು 0.2 ಗ್ರಾಂನಷ್ಟು ಕಡಿಮೆ ತೋರುತ್ತದೆ, ಅದೇ ತೂಕದ ಹಿತ್ತಾಳೆಯದು 0.4. ಆದರೆ ಚಿನ್ನದಲ್ಲೇ ಎರಕ ಹೊಯ್ದ ನಕಲಿಗಳೂ ಇರುತ್ತವೆ, ಅವು ಈ ಪರೀಕ್ಷೆ ದಾಟಿಬಿಡುತ್ತವೆ. ಅಲ್ಲಿ ಭೂತಗನ್ನಡಿಯೇ ಬೇಕು. ಆಗಿನ ಟಂಕಸಾಲೆಯಲ್ಲಿ ಕೈಯಿಂದ ಅಚ್ಚು ಹೊಡೆಯುತ್ತಿದ್ದರು. ಹಾಗಾಗಿ ಚಿತ್ರ ಒಂದೊಂದರಲ್ಲಿ ಒಂದೊಂದು ಕಡೆ ಸರಿದಿರುತ್ತದೆ. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಕಂಡರೆ, ಅಂಚಿನಲ್ಲಿ ಬೆಸುಗೆಯಂಥ ಗೆರೆ ಕಂಡರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿದ್ದರೆ ಮುಟ್ಟಲೇಬಾರದು.

ನಿಜವಾಗಿ ನೆಲದಲ್ಲಿ ಸಿಕ್ಕಿದ್ದರೂ ಅದು ನಿಧಿ. ಜಿಲ್ಲಾಧಿಕಾರಿಗೆ ತಿಳಿಸಬೇಕು, ಗುಟ್ಟಾಗಿ ಮಾರುವಂತಿಲ್ಲ.

ಮಾವ ಸಂಜೆಯೇ ವಾಪಸ್ ಕೊಟ್ಟರು. "ಒಂದು ಕಡೆ ಬಾಲಕೃಷ್ಣ ಕೂತಿದ್ದ, ಇನ್ನೊಂದು ಕಡೆ ನಾಗರಿಯಲ್ಲಿ ಶ್ರೀ ಪ್ರತಾಪ ಕೃಷ್ಣರಾಯ ಅಂತಿತ್ತು ಕಣೋ" ಅಂದರು, ಸ್ವಲ್ಪ ಬೇಸರದಿಂದಲೇ. ಬೆರಳ ತುದಿಯಷ್ಟಗಲದ ಆ ಚಿನ್ನ ಐನೂರು ವರ್ಷದ ಹಿಂದೆ ಹಂಪಿಯ ಬಜಾರಿನಲ್ಲಿ ಯಾರ ಸೆರಗಿನ ಗಂಟಿನಲ್ಲಿತ್ತೋ ಅಂತ ಆಗಿನಿಂದ ಯೋಚಿಸುತ್ತಾ ಕೂತಿದ್ದೇನೆ.