ಆ ಹಾಡನ್ನು ಅರ್ಧಕ್ಕೇ ಯಾಕೆ ನಿಲ್ಲಿಸ್ತೀರಿ?

ಗೌರಿ ಹಬ್ಬವೋ, ನವರಾತ್ರಿಯ ಅರಿಶಿನ ಕುಂಕುಮವೋ, ಯಾರದಾದರೂ ಮನೆಗೆ ಹೋದರೆ ನನಗೆ ಇದು ತಪ್ಪಿದ್ದಲ್ಲ. ಕೋಸಂಬರಿ ಕೈಗೆ ಬರುವ ಮೊದಲೇ ಯಾರಾದರೊಬ್ಬರು 'ಒಂದು ಹಾಡು ಹೇಳಿ' ಅನ್ನುತ್ತಾರೆ. 'ಅಯ್ಯೋ, ಗಂಟಲು ಸರಿಯಿಲ್ಲ ಕಣ್ರೀ' ಎಂದು ಶಾಸ್ತ್ರಕ್ಕೆ ಎರಡು ಸಲ ಹೇಳಿ, ಮೂರನೇ ಸಲಕ್ಕೆ ಶುರು ಮಾಡುತ್ತೇನೆ. ಯಾವಾಗಲೂ ಒಂದೇ ಹಾಡು, 'ಪೂಜಿಸಲೆಂದೇ ಹೂಗಳ ತಂದೆ'. ಪಲ್ಲವಿ, ಮೊದಲ ಚರಣ, ಮತ್ತೆ ಪಲ್ಲವಿ. ಅಲ್ಲಿಗೆ ನಿಲ್ಲಿಸಿ ಸೆರಗು ಸರಿಮಾಡಿಕೊಂಡು ಕೂತುಬಿಡುತ್ತೇನೆ.

ಆಗ ಬರುತ್ತದೆ ಪ್ರಶ್ನೆ. 'ಯಾಕ್ರೀ ಅರ್ಧಕ್ಕೇ ನಿಲ್ಲಿಸಿಬಿಟ್ರಿ? ಇನ್ನೊಂದು ಚರಣ ಇದೆಯಲ್ಲ?' ಕೆಲವರು ನನಗೆ ಮರೆತುಹೋಯಿತು ಅಂದುಕೊಂಡು ಫೋನಿನಲ್ಲಿ ಸಾಹಿತ್ಯ ಹುಡುಕಿ ಮುಖದ ಮುಂದೆ ಹಿಡಿಯುತ್ತಾರೆ. ಒಬ್ಬರಂತೂ ಉಸಿರು ಸಾಲುತ್ತಿಲ್ಲ ಎಂದುಕೊಂಡು ಪ್ರಾಣಾಯಾಮ ಹೇಳಿಕೊಟ್ಟರು. ಪ್ರತಿ ಸಲ ನಕ್ಕು ತಪ್ಪಿಸಿಕೊಂಡಿದ್ದೇನೆ. ಉತ್ತರ ಹೇಳೋಕೆ ಹೋದರೆ ಹಾಡಿಗಿಂತ ಉದ್ದವಾಗುತ್ತದೆ, ಅದಕ್ಕೆ.

ಚಿಕ್ಕದಾಗಿ ಹೇಳಬೇಕೆಂದರೆ, ನಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ಇದ್ದದ್ದೇ ಅಷ್ಟು.

ಇದು 1987ರ ಆಸುಪಾಸಿನ ಮಾತು. ನಾವು ಹಾಸನದಲ್ಲಿದ್ದೆವು. ಮೂರು ಮನೆಗಳ ವಠಾರ, ಮೂರಕ್ಕೂ ಸೇರಿ ಒಂದೇ ಬಚ್ಚಲು. ಆ ವರ್ಷ ಅಪ್ಪ ಒಂದು ಟೂ-ಇನ್-ಒನ್ ತಂದರು. ರೇಡಿಯೋ, ಟೇಪು ಎರಡೂ ಒಂದೇ ಡಬ್ಬದಲ್ಲಿ. ಅದರ ಜೊತೆ ಒಂದು ಖಾಲಿ ಕ್ಯಾಸೆಟ್ಟು ಬಂತು. ಆಗ ಊರೂರಲ್ಲೂ ರೆಕಾರ್ಡಿಂಗ್ ಅಂಗಡಿಗಳಿದ್ದವು. ಬೇಕಾದ ಹಾಡುಗಳ ಪಟ್ಟಿ ಬರೆದು ಖಾಲಿ ಕ್ಯಾಸೆಟ್ ಜೊತೆ ಕೊಟ್ಟುಬಂದರೆ ಎರಡು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದರು. ಹಾಡಿಗೆ ಇಷ್ಟು ಅಂತ ರೇಟು. ಹಕ್ಕುಸ್ವಾಮ್ಯ ಗಿಕ್ಕುಸ್ವಾಮ್ಯದ ಮಾತು ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಅಮ್ಮ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಪಟ್ಟಿ ಬರೆದಳು. ಮೂರು ದಿನ ಬರೆದಳು, ಹೊಡೆದಳು, ಮತ್ತೆ ಬರೆದಳು. ಒಂದು ಸೈಡಿಗೆ ಏಳು ಹಾಡು. 'ಪೂಜಿಸಲೆಂದೇ' ಎ ಸೈಡಿನ ಏಳನೆಯದು. ಇಷ್ಟವಾದದ್ದನ್ನು ತಟ್ಟೆಯಲ್ಲಿ ಕೊನೆಗೆ ಉಳಿಸಿಕೊಳ್ಳುವ ಬುದ್ಧಿ ಅವಳದು. ಹಾಡಿನಲ್ಲೂ ಅದನ್ನೇ ಮಾಡಿದಳು, ಕೆಟ್ಟಳು.

ಕ್ಯಾಸೆಟ್ಟು 60 ನಿಮಿಷದ್ದು. ಒಂದು ಸೈಡಿಗೆ 30 ನಿಮಿಷ. ಹಳೇ ಹಾಡೆಂದರೂ ಒಂದೊಂದು ನಾಲ್ಕು, ನಾಲ್ಕೂವರೆ ನಿಮಿಷ ಇರುತ್ತದೆ. ಏಳು ಹಾಡು ಎಲ್ಲಿ ಹಿಡಿಯಬೇಕು? ಮನೆಗೆ ತಂದು ಹಾಕಿದೆವು. ಆರು ಹಾಡು ಮುಗಿಯಿತು. ಏಳನೆಯದರಲ್ಲಿ ಗಾಯಕಿ ಎಸ್. ಜಾನಕಿಯವರು ಪಲ್ಲವಿ ಹಾಡಿದರು, ಚರಣ ಹಾಡಿದರು, ಮತ್ತೆ ಪಲ್ಲವಿ, ಆಮೇಲೆ ವಾದ್ಯ, ಆಮೇಲೆ ಎರಡನೇ ಚರಣಕ್ಕೆ ಬಾಯಿ ತೆರೆದು 'ಒಲಿ...' ಅಂದರು. ಟಕ್. ಟೇಪಿನ ಗುಂಡಿ ತಾನೇ ಮೇಲೆದ್ದಿತು.

ಅಮ್ಮ ಮರುದಿನವೇ ಅಂಗಡಿಗೆ ಹೋದಳು, ನನ್ನನ್ನೂ ಕರೆದುಕೊಂಡು. ಅಂಗಡಿಯವರಿಗೆ ಬೇಜಾರೇ ಆಗಲಿಲ್ಲ. 'ಏಳು ಕೊಟ್ಟಿದ್ರಿ ಅಮ್ಮ, ಆರು ಹಿಡೀತು. ಜಾಗ ಖಾಲಿ ಬಿಡೋದ್ಯಾಕೆ ಅಂತ ಏಳನೇದನ್ನ ಹಿಡಿಯೋಷ್ಟು ಹಾಕಿದೀನಿ. ಅದಕ್ಕೆ ದುಡ್ಡು ತಗೊಂಡಿಲ್ಲ, ಬೇಕಾದ್ರೆ ಲೆಕ್ಕ ನೋಡಿ' ಅಂದರು. ನೋಡಿದರೆ ನಿಜ, ಆರಕ್ಕೇ ದುಡ್ಡು ತಗೊಂಡಿದ್ದರು. ಬಿಟ್ಟಿ ಸಿಕ್ಕ ಹಾಡಿನ ಮೇಲೆ ಜಗಳ ಆಡುವುದು ಹೇಗೆ? ಅಮ್ಮ ಸುಮ್ನೆ ವಾಪಸ್ ಬಂದಳು.

ಮೊನ್ನೆ ಕೂತು ಲೆಕ್ಕ ಹಾಕಿದೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ನಮಗೆ ತಪ್ಪಿಹೋದದ್ದು ಒಂದೂವರೆ ನಿಮಿಷ ಅಂತಿಟ್ಟುಕೊಂಡರೂ ಬರೀ 4.3 ಮೀಟರ್ ಟೇಪು. ಅಮ್ಮನ ಒಂದು ಸೀರೆಯಷ್ಟೂ ಇಲ್ಲ.

ಈ ಎ ಸೈಡು ನಮ್ಮ ಮನೆಯ ಗಡಿಯಾರವಾಗಿಬಿಟ್ಟಿತು. ಅಮ್ಮ ಬೆಳಿಗ್ಗೆ ಆರೂವರೆಗೆ ಟೇಪು ಹಾಕುತ್ತಿದ್ದಳು. ಮೊದಲ ಹಾಡಿಗೆ ಕಾಫಿ. ಎರಡನೆಯದಕ್ಕೆ ಹಿತ್ತಲಿನ ದಾಸವಾಳ, ನಂದಬಟ್ಟಲು ಬಿಡಿಸಿ ತರುವುದು. ನಾಲ್ಕನೆಯದಕ್ಕೆ ಅಕ್ಕಿ ತೊಳೆದು ಒಲೆ ಮೇಲೆ. ಐದು, ಆರು ನನ್ನ ಜಡೆಗೆ. ಕೂದಲು ಸಿಕ್ಕಾಗಿದ್ದ ದಿನ ಏಳನೆಯದರ ಪಲ್ಲವಿಗೂ ಜಡೆ ಎಳೆಯುತ್ತಲೇ ಇರುತ್ತಿದ್ದಳು. ಮೊದಲ ಚರಣದಲ್ಲಿ ಬೆಳಗಾಗುತ್ತದಲ್ಲ, ಮೋಡಕ್ಕೆ ಬಂಗಾರದ ನೀರು ಬಿದ್ದು, ಉಷೆ ಆರತಿ ಹಿಡಿದು ಬರುತ್ತಾಳಲ್ಲ, ಆ ಹೊತ್ತಿಗೆ ಸರಿಯಾಗಿ ನಮ್ಮ ಹಿತ್ತಲ ಗೋಡೆ ದಾಟಿ ಬಿಸಿಲು ಅಡುಗೆಮನೆ ಕಿಟಕಿಗೆ ಬರುತ್ತಿತ್ತು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ. ಹಾಡಿನಲ್ಲಿ ಹೇಳಿದ ಮೇಲೆ ಬಿಸಿಲು ಬರಲೇಬೇಕು ತಾನೆ.

ಟಕ್ ಅಂದಾಗ ಏಳು ಗಂಟೆ. ಬೀದಿ ನಲ್ಲಿಯಲ್ಲಿ ನೀರು ಬರುವ ಹೊತ್ತು, ಅನ್ನ ಇಳಿಸುವ ಹೊತ್ತು. ಅಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟು ಒಲೆ ಕಡೆ ಓಡುತ್ತಿದ್ದಳು. ಇದನ್ನು ದಿನಾ ನೋಡಿ ನೋಡಿ ನನಗೆ ಒಂದು ವಿಷಯ ಖಾತ್ರಿಯಾಗಿತ್ತು. ಜಾನಕಿಯವರು ಕೊನೆಯಲ್ಲಿ ಹೇಳೋಕೆ ಹೋಗಿದ್ದು 'ಒಲೆ' ಅಂತ. ಪಾಪ, ಅವರೂ ಬೆಳಿಗ್ಗೆ ಅನ್ನಕ್ಕಿಟ್ಟು ಹಾಡೋಕೆ ಬಂದಿದ್ದಾರೆ. ಮಧ್ಯದಲ್ಲಿ ನೆನಪಾಗಿ 'ಒಲೆ!' ಅಂತ ಓಡಿದ್ದಾರೆ. ಇದನ್ನು ನಾನು ಎಷ್ಟು ವರ್ಷ ನಂಬಿದ್ದೆ ಎಂದು ಹೇಳಿದರೆ ನೀವು ನಗುತ್ತೀರಿ, ಅದಕ್ಕೆ ಹೇಳುವುದಿಲ್ಲ.

ಬಚ್ಚಲ ಕಥೆಯನ್ನೂ ಹೇಳಬೇಕು. ಒಂದು ಬಚ್ಚಲು, ಹನ್ನೊಂದು ಜನ. ಅಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಿದ್ದರು. ಒಳಗೆ ಪಕ್ಕದ ಮನೆಯ ಡಿಗ್ರಿ ಓದುವ ಹುಡುಗ. ಅವನ ಸ್ನಾನವೆಂದರೆ ಅಭಿಷೇಕ. ಇತ್ತ ನಮ್ಮ ಮನೆಯಿಂದ ಟೇಪು, ಅದೇ ಹಾಡಿನ ಪಲ್ಲವಿ, 'ತೆರೆಯೋ ಬಾಗಿಲನು ರಾಮ'. ಅಪ್ಪನಿಗೆ ಸಂಗೀತ ಅಷ್ಟಕ್ಕಷ್ಟೇ. ಆದರೆ ಆ ಒಂದು ಸಾಲನ್ನು ಬಾಗಿಲು ತಟ್ಟುತ್ತಾ ಎಷ್ಟು ಭಾವ ತುಂಬಿ ಹಾಡುತ್ತಿದ್ದರೆಂದರೆ, ವಠಾರದ ಹೆಂಗಸರೆಲ್ಲ ಕೊಡ ಹಿಡಿದು ನಿಂತು ನಗುತ್ತಿದ್ದರು. ಈಗಲೂ ನಮ್ಮ ಮನೆಯಲ್ಲಿ ಯಾರಾದರೂ ಬಚ್ಚಲಿನಲ್ಲಿ ಜಾಸ್ತಿ ಹೊತ್ತು ಕೂತರೆ ಹೊರಗಿನಿಂದ ಈ ಸಾಲೇ ಬರುವುದು. ನನ್ನ ಮಗನಿಗೆ ಇದು ಸಿನಿಮಾ ಹಾಡು ಅಂತ ಗೊತ್ತಾಗಿದ್ದು ಹೈಸ್ಕೂಲಿಗೆ ಬಂದ ಮೇಲೆ.

ಸಿನಿಮಾ ಹಾಡು ಅನ್ನೋದು ಎಷ್ಟೋ ಜನಕ್ಕೆ ನೆನಪೇ ಇರುವುದಿಲ್ಲ. ಭಜನೆಯಲ್ಲಿ ದಾಸರ ಪದ ಆದಮೇಲೆ ಇದನ್ನೂ ಹಾಡಿ ಮಂಗಳ ಹೇಳುತ್ತಾರೆ. ದೊರೆ-ಭಗವಾನ್ ನಿರ್ದೇಶನದ 'ಎರಡು ಕನಸು' ಚಿತ್ರದ್ದು, 1974ರದು. ಕಥೆ ವಾಣಿಯವರ ಕಾದಂಬರಿ. ಸಾಹಿತ್ಯ ಚಿ. ಉದಯಶಂಕರ್, ಸಂಗೀತ ಮೈಸೂರಿನ ಅಣ್ಣತಮ್ಮ ರಾಜನ್-ನಾಗೇಂದ್ರ. ಅಮ್ಮ ವಾಣಿಯವರ ಕಾದಂಬರಿಗಳನ್ನು ಲೈಬ್ರರಿಯಿಂದ ತಂದು ಓದಿದವಳು, ಮದುವೆಗೆ ಮುಂಚೆ ಅರಸೀಕೆರೆಯಲ್ಲಿ ಈ ಸಿನಿಮಾನೂ ನೋಡಿದವಳು. ರಾಜ್‌ಕುಮಾರ್ ಗಂಡ, ಕಲ್ಪನಾ ಹೆಂಡತಿ. ಗಂಡನ ಮನಸ್ಸಿನಲ್ಲಿ ಇನ್ನೂ ಹಳೇ ಪ್ರೀತಿ ಕೂತಿದೆ, ಹೆಂಡತಿಗೆ ಒಳಗೆ ಜಾಗವಿಲ್ಲ. ಗಂಡನ ಹೆಸರು ರಾಮಚಂದ್ರ. ಆಗ ಆ ಬಾಗಿಲು ಯಾವ ಬಾಗಿಲು, ಆ ರಾಮ ಯಾವ ರಾಮ ಎಂದು ಗೊತ್ತಾಗುತ್ತದೆ. ಇದು ತಿಳಿಯದೇ ಹಾಡುವವರೂ ತಪ್ಪೇನೂ ಹಾಡುತ್ತಿಲ್ಲ. ದೇವರ ಮನೆಯಲ್ಲಿ ಕೂತು ಗಂಡನಿಗೆ ಹೇಳಬೇಕಾದ್ದನ್ನೆಲ್ಲ ದೇವರಿಗೆ ಹೇಳಿ ಎದ್ದುಬಂದ ಹೆಂಗಸರು ನಮ್ಮಲ್ಲಿ ಕಡಿಮೆಯೇ?

ನನಗೆ ಚಿಕ್ಕವಳಿದ್ದಾಗ ಆ ಬಾಗಿಲು ಬಚ್ಚಲದ್ದು, ಅಷ್ಟೇ. ವರ್ಷಕ್ಕೊಂದು ಸಲ ಮಾತ್ರ ಬೇರೆ ಬಾಗಿಲಾಗುತ್ತಿತ್ತು. ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸನಾಂಬೆಯ ಗರ್ಭಗುಡಿ ತೆರೆಯುವುದು ವರ್ಷಕ್ಕೊಮ್ಮೆ. ಆಶ್ವಯುಜ ಹುಣ್ಣಿಮೆ ಕಳೆದು ಬರುವ ಗುರುವಾರ ಬಾಳೆಕಂದು ಕಡಿದು ಬಾಗಿಲು ತೆಗೆಯುತ್ತಾರೆ, ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತಾರೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಉರಿಯುತ್ತಿರುತ್ತದೆ, ಇಟ್ಟ ಹೂವು ಬಾಡಿರುವುದಿಲ್ಲ ಎಂದು ನಮ್ಮೂರ ನಂಬಿಕೆ. ಆ ಸಾಲಿನಲ್ಲಿ ನಿಂತು ನನ್ನ ಕಾಲು ಸೋತು ಅಳು ಬರುವ ಹೊತ್ತಿಗೆ ಅಮ್ಮ ಬಾಯೊಳಗೇ ಈ ಹಾಡು ಗುನುಗುತ್ತಿದ್ದಳು. ಪಕ್ಕದ ಅಪರಿಚಿತ ಹೆಂಗಸು ಸೇರಿಕೊಳ್ಳುತ್ತಿದ್ದಳು. ಆಮೇಲೆ ಮುಂದಿನವಳು. ಅವರೆಲ್ಲ ಎರಡನೇ ಚರಣಕ್ಕೆ ಹೋಗುವ ಮೊದಲೇ ಅಮ್ಮ ನಿಲ್ಲಿಸಿ, 'ಮುಂದೆ ಹೋಗೇ, ಸಾಲು ಜರುಗಿತು' ಎಂದು ನನ್ನ ಬೆನ್ನು ತಳ್ಳುತ್ತಿದ್ದಳು.

ಪೂರ್ತಿ ಹಾಡು ಕೇಳಿದ್ದು ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ. ಆಗ ನಾನು ಕಾಲೇಜಿನಲ್ಲಿದ್ದೆ. ಆರತಕ್ಷತೆಗೆ ಆರ್ಕೆಸ್ಟ್ರಾ ಇತ್ತು. ಹಾಡುವ ಹುಡುಗಿ ಮೊದಲ ಚರಣ ಮುಗಿಸಿದಳು. ಕೀಬೋರ್ಡಿನವನು ಮಧ್ಯದ ಸಂಗೀತ ನುಡಿಸಿದ. ನನ್ನ ಕೈ ತಾನಾಗಿ ಜಡೆಗೆ ಹೋಯಿತು, ರಿಬ್ಬನ್ ಕಟ್ಟಾಯಿತಾ ಅಂತ ನೋಡೋಕೆ. ಅವಳು 'ಒಲಿ' ಅಂದಳು. ಟಕ್ ಆಗಲಿಲ್ಲ. 'ಒಲಿದರೂ' ಎಂದು ಮುಂದೆ ಹೋದಳು! ಒಲೆಯೂ ಇಲ್ಲ, ಅನ್ನವೂ ಇಲ್ಲ. ಒಲಿದರೂ ಸರಿ, ಮುನಿದರೂ ಸರಿ, ನಿನ್ನ ಕಾಲ ಧೂಳಾದರೂ ಸರಿ ಅನ್ನುವ ಧಾಟಿಯ ಮಾತುಗಳು. ನಮ್ಮ ಮನೆಯ ಹಿಂದೆ ನನಗೆ ಗೊತ್ತಿಲ್ಲದ ಇನ್ನೊಂದು ಕೋಣೆ ಇತ್ತು ಎಂದು ಯಾರೋ ಬಾಗಿಲು ತೆಗೆದು ತೋರಿಸಿದ ಹಾಗಾಯಿತು. ಕೋಣೆ ನನಗೆ ಹಿಡಿಸಲಿಲ್ಲ.

ಸಂಗೀತದ ದೃಷ್ಟಿಯಿಂದ ಆ ಚರಣಕ್ಕೆ ಏನೂ ಕೊರತೆಯಿಲ್ಲ, ಜಾನಕಿಯವರು ಹಾಡಿದ್ದರಲ್ಲಿ ಕೊರತೆ ಹುಡುಕೋಕೆ ನಾನ್ಯಾರು. ದೇವರಿಗೆ ಹೇಳಿದರೆ ಒಳ್ಳೆಯ ಮಾತೇ. ಆದರೆ ಕಥೆ ಗೊತ್ತಿದ್ದ ನನಗೆ ಅಲ್ಲಿ ಕಾಣಿಸಿದ್ದು ಬಾಗಿಲು ತೆರೆಯದ ಆ ಗಂಡ. ಇಪ್ಪತ್ತರ ವಯಸ್ಸು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ಅಷ್ಟು ಸಿಟ್ಟಿಲ್ಲ. ಆದರೂ ಬೆಳಗಾಗುವಲ್ಲಿಗೆ ನಿಲ್ಲಿಸುವುದೇ ನನಗಿಷ್ಟ.

ಮದುವೆಯಿಂದ ಬಂದು ಅಮ್ಮನನ್ನು ಕೇಳಿದೆ. 'ಎರಡನೇ ಚರಣ ನಿಂಗೆ ಗೊತ್ತಿತ್ತಾ?'

'ಗೊತ್ತಿಲ್ದೇ ಏನು, ಸಿನಿಮಾ ನೋಡಿದ್ನಲ್ಲ. ರೇಡಿಯೋದಲ್ಲೂ ಬರ್ತಿತ್ತು.'

'ಮತ್ತೆ ಒಂದು ದಿನನೂ ಹಾಡಲಿಲ್ಲ?'

ಅಮ್ಮ ಹುಣಸೆಹಣ್ಣು ಕಿವುಚುತ್ತಿದ್ದವಳು ತಲೆ ಎತ್ತಿ, ಇದೂ ಒಂದು ಪ್ರಶ್ನೆಯಾ ಅನ್ನುವ ಹಾಗೆ ನೋಡಿದಳು. 'ಅಷ್ಟೊತ್ತಿಗೆ ಏಳು ಗಂಟೆ ಆಗಿಬಿಡ್ತಿತ್ತಲ್ಲೇ.'

2017ರ ಅಕ್ಟೋಬರಿನಲ್ಲಿ ಜಾನಕಿಯವರು ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ವಿದಾಯದ ಕಛೇರಿ ಕೊಟ್ಟರು. ಅವರು ಆಂಧ್ರದ ಗುಂಟೂರು ಕಡೆಯವರು ಅನ್ನುವುದನ್ನು ಅಮ್ಮ ಕೊನೆಗೂ ಪೂರ್ತಿ ನಂಬಿರಲಿಲ್ಲ. 'ಈ ಳಕಾರ ಹೇಳೋರು ಎಲ್ಲೋ ನಮ್ಮ ಹೊಳೆನರಸೀಪುರದ ಕಡೆಯೋರೇ' ಅನ್ನುತ್ತಿದ್ದಳು. ಇನ್ನು ವೇದಿಕೆಯಲ್ಲಿ ಹಾಡುವುದಿಲ್ಲವಂತೆ ಎಂದು ಪೇಪರ್ ಓದಿ ಹೇಳಿದೆ. 'ಹೂಂ, ಅವ್ರಿಗೂ ಏಳು ಗಂಟೆ ಆಯ್ತೇನೋ' ಅಂದಳು. ಪೇಪರ್ ಇಸ್ಕೊಂಡು ಫೋಟೋ ನೋಡಿದಳು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದಳು.

ಕ್ಯಾಸೆಟ್ಟು ಇನ್ನೂ ಬೀರುವಿನಲ್ಲಿದೆ. ಹಾಕೋಕೆ ಟೇಪ್ ರೆಕಾರ್ಡರ್ ಇಲ್ಲ. ಬಿ ಸೈಡಿನಲ್ಲಿ ಏನಿತ್ತು ಎಂದು ಕೇಳಬೇಡಿ, ಅದು ಭಾನುವಾರದ್ದು, ಭಾನುವಾರ ನಾನು ಏಳುತ್ತಿದ್ದದ್ದೇ ತಡವಾಗಿ.

ಹೋದ ಗೌರಿ ಹಬ್ಬಕ್ಕೆ ನಮ್ಮ ಬೀದಿಯ ಕೊನೆಮನೆಗೆ ಕರೆದಿದ್ದರು. ಎಂದಿನಂತೆ ಅರ್ಧಕ್ಕೆ ನಿಲ್ಲಿಸಿದೆ. ಆ ಮನೆಯ ಹೊಸ ಸೊಸೆ ಯಾಕೆ ಏನು ಅಂತ ಕೇಳಲಿಲ್ಲ. ನಾನು ಬಿಟ್ಟಲ್ಲಿಂದ ತಾನೇ ಎತ್ತಿಕೊಂಡಳು, ಒಳ್ಳೇ ಕಂಠ. ಅವಳು 'ಒಲಿ' ಅನ್ನುವುದಕ್ಕೂ ನಾನು ಎದ್ದು ಅವರ ಅಡುಗೆಮನೆ ಬಾಗಿಲಿಗೆ ಬಂದಿರುವುದಕ್ಕೂ ಸರಿಹೋಯಿತು. ಯಾಕೆ ಬಂದೆ ಎಂದು ನನಗೇ ಗೊತ್ತಿಲ್ಲ. ನೋಡಿದರೆ ಒಲೆ ಮೇಲೆ ಕಾಫಿಗಿಟ್ಟ ಹಾಲು ಪಾತ್ರೆಯ ಅಂಚಿಗೆ ಬಂದು ನಿಂತಿದೆ. ಗ್ಯಾಸ್ ಆರಿಸಿ, ಪಾತ್ರೆಗೆ ತಟ್ಟೆ ಮುಚ್ಚಿ ಬಂದು ಕೂತೆ. ಚರಣ ಇನ್ನೂ ನಡೆಯುತ್ತಿತ್ತು.