ಅತ್ತಿಗೆಯ ಅಪ್ಪರ್ ಲಿಪ್

ನಮ್ಮನೆಯಲ್ಲಿ ಏನೇ ಫಂಕ್ಷನ್ ಇರಲಿ, ಹಿಂದಿನ ದಿನ ಸಂಜೆ ನಾನು ದಾರ ಹಿಡಿದು ಕೂರಲೇಬೇಕು. ಚಿಕ್ಕಮ್ಮ, ಅವರ ಸೊಸೆ, ಎದುರು ಮನೆ ಆಂಟಿ, ಎಲ್ಲರೂ ಸಾಲಾಗಿ ಐಬ್ರೋ ಮಾಡಿಸಿಕೊಳ್ಳುತ್ತಾರೆ. ಅತ್ತಿಗೆಯೂ ಕೂರುತ್ತಾರೆ. ಹುಬ್ಬು ಮುಗಿದ ತಕ್ಷಣ ಮೂಗಿನ ಕೆಳಗೆ ಕೈ ಅಡ್ಡ ಇಟ್ಟುಕೊಂಡು, "ಸಾಕಮ್ಮ ತಾಯಿ, ಇಲ್ಲಿಗೆ ಬರಬೇಡ" ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಪ್ರತಿ ಸಲವೂ ಹೊಟ್ಟೆಯೊಳಗೆ ಏನೋ ಚುಳ್ ಅನ್ನುತ್ತದೆ.

ಇದಕ್ಕೆ ಕಾರಣ 2019ರಲ್ಲಿ ನಡೆದದ್ದು. ಬಿ.ಕಾಂ ಮುಗಿಸಿ ಒಂದು ಆಡಿಟರ್ ಆಫೀಸಿನಲ್ಲಿ ಎರಡು ವರ್ಷ ವೋಚರ್ ತುಂಬಿ ಸಾಕಾಗಿತ್ತು. ಬ್ಯೂಟೀಷಿಯನ್ ಕೋರ್ಸ್ ಮಾಡುತ್ತೇನೆ ಅಂದಾಗ ಅಣ್ಣ ಮುಖ ಸಿಂಡರಿಸಿದ. ಡಿಗ್ರಿ ಮಾಡಿಕೊಂಡು ಪಾರ್ಲರ್ ಕೆಲಸವಾ ಅಂತ. ಅವನನ್ನು ಒಪ್ಪಿಸಿದ್ದು ಅತ್ತಿಗೆ. ಮೊದಲ ಕಂತಿನ ಫೀಸಿಗೆ ತಮ್ಮ ಚೀಟಿ ದುಡ್ಡು ಕೊಟ್ಟಿದ್ದೂ ಅವರೇ. ಮುಂದೆ ಆಗಿದ್ದು ಕೇಳುವಾಗ ಇದು ನೆನಪಿರಲಿ.

ಅಕಾಡೆಮಿ ಇದ್ದದ್ದು ವಿಜಯನಗರದ ಕಡೆ, ಒಂದು ಬೇಕರಿ ಮೇಲಿನ ಫ್ಲೋರ್‌ನಲ್ಲಿ. ಆರು ತಿಂಗಳ ಕೋರ್ಸ್. ಫೀಸ್ ಒಂದು, ಕಿಟ್‌ಗೆ ಬೇರೆ, ಏಪ್ರನ್‌ಗೆ ಬೇರೆ, ಪರೀಕ್ಷೆಗೆ ಬೇರೆ. ರಿಸೆಪ್ಷನ್‌ನಲ್ಲಿ ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟುಗಳು. ಒಳಗೆ ಹದಿನಾರು ಜನಕ್ಕೆ ನಾಲ್ಕು ಬೆಡ್, ಎರಡು ವ್ಯಾಕ್ಸ್ ಹೀಟರ್. ಅದರಲ್ಲೂ ಒಂದರ ನಾಬ್ ಕಿತ್ತುಹೋಗಿತ್ತು. ಬಿಸಿ ಜಾಸ್ತಿ ಆದರೆ ಪ್ಲಗ್ ತೆಗೆಯಬೇಕು, ಗಟ್ಟಿಯಾದರೆ ಮತ್ತೆ ಹಾಕಬೇಕು. ಸ್ಟ್ರಿಪ್ ಅರ್ಧ ಅರ್ಧ ಕತ್ತರಿಸಿ ಕೊಡುತ್ತಿದ್ದರು. ಇಷ್ಟೆಲ್ಲ ಉಳಿತಾಯ ಮಾಡುವವರು ಇನ್‌ಸ್ಟಾಗ್ರಾಂ ರೀಲ್ ಮಾಡೋಕೆ ಮಾತ್ರ ದೊಡ್ಡ ರಿಂಗ್ ಲೈಟ್ ತಂದಿದ್ದರು. ಇರಲಿ.

ಮ್ಯಾಮ್ ಮಾತ್ರ ಚಿನ್ನದಂಥವರು. ಇಪ್ಪತ್ತು ವರ್ಷ ಕೈಕೆಲಸ ಮಾಡಿ ಬಂದವರು. ಮಸಾಜ್ ಕಲಿಸುವಾಗ ನಮ್ಮ ಕೈ ಮೇಲೆ ಅವರ ಕೈ ಇಟ್ಟು ಸವರುವ ಎಫ್ಲುರಾಜ್ ಎಷ್ಟು ಹಗುರ, ಹಿಸುಕುವ ಪೆಟ್ರಿಸಾಜ್ ಎಷ್ಟು ಭಾರ ಅಂತ ತೋರಿಸುತ್ತಿದ್ದರು. ಹೊಸ ಬ್ಯಾಚ್‌ಗೆ ಅವರು ಮೊದಲ ದಿನ ಹೇಳುವ ಮಾತು ಒಂದೇ: "ಕೈ ಆಮೇಲೆ, ಬಾಯಿ ಮೊದಲು. ಕೇಳಿ, ಕೇಳಿ, ಕೇಳಿ." ನಾನು ಅದನ್ನು ನೋಟ್ಸ್‌ನಲ್ಲಿ ಬರೆದುಕೊಂಡಿದ್ದೆ. ಅಂಡರ್‌ಲೈನ್ ಕೂಡ ಮಾಡಿದ್ದೆ.

ಥಿಯರಿಯಲ್ಲಿ ನಾನೇ ಫಸ್ಟ್. ಚರ್ಮದ ಪದರಗಳ ಹೆಸರು ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಹೇಳುತ್ತಿದ್ದೆ. ಬಿಸಿಲಿಗೆ ಚರ್ಮ ಹೇಗಾಗುತ್ತೆ ಅಂತ ನೋಡಿ ವಿಂಗಡಿಸುವ ಫಿಟ್ಸ್‌ಪ್ಯಾಟ್ರಿಕ್ ಸ್ಕೇಲ್ 1975ರದು, ಮೊದಲು ಬಿಳಿ ಚರ್ಮಕ್ಕೆ ಅಂತಲೇ ಮಾಡಿದ್ದು, ನಮ್ಮಂಥವರ ಟೈಪ್ ಐದು, ಆರು ಆಮೇಲೆ ಸೇರಿದ್ದು ಅಂತ ಕೈ ಎತ್ತಿ ಹೇಳಿದವಳೂ ನಾನೇ. ವ್ಯಾಕ್ಸ್ ಯಾರಿಗೆ ಮಾಡಬಾರದು ಅನ್ನುವ ಕಾಂಟ್ರಾ ಲಿಸ್ಟ್ ಬಾಯಿಪಾಠ. ಮೊಡವೆ, ಸುಕ್ಕಿನ ಕ್ರೀಮುಗಳಲ್ಲಿರುವ ರೆಟಿನಾಲ್, ಅಡಾಪಲೀನ್, ಟ್ರೆಟಿನಾಯಿನ್ ಹಚ್ಚುತ್ತಿದ್ದರೆ ಕನಿಷ್ಠ ಒಂದು ವಾರ ಬಿಟ್ಟಿರಬೇಕು. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ನಿಲ್ಲಿಸಿ ಆರು ತಿಂಗಳು ಆಗಿರಬೇಕು. ಸ್ಟಿರಾಯ್ಡ್ ಕ್ರೀಮ್ ಇದ್ದರೆ ಮುಟ್ಟಲೇಬಾರದು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ಫೇಸ್ ವ್ಯಾಕ್ಸ್ ಇಂಟರ್ನಲ್ಸ್‌ಗೆ ಅವರವರ ಮಾಡೆಲ್ ಅವರವರೇ ಕರೆತರಬೇಕಿತ್ತು. ನಾನು ಅತ್ತಿಗೆಯನ್ನು ಕೇಳಿದೆ. ಬರುವ ಭಾನುವಾರ ಅವರ ತಂಗಿಯ ಎಂಗೇಜ್‌ಮೆಂಟ್ ಬೇರೆ ಇತ್ತು. "ಒಳ್ಳೇದೇ ಆಯ್ತು, ನನಗೂ ಅಪ್ಪರ್ ಲಿಪ್ ಆಗಬೇಕಿತ್ತು, ಇತ್ತೀಚೆಗೆ ಕೂದಲು ಜಾಸ್ತಿ ಆಗ್ತಿದೆ" ಅಂದರು. ಅವತ್ತು ಬುಧವಾರ.

ಶುರು ಮಾಡುವ ಮೊದಲು ಕನ್ಸಲ್ಟೇಷನ್ ಫಾರಂ ತುಂಬಬೇಕು. ಜೆರಾಕ್ಸ್‌ನ ಜೆರಾಕ್ಸ್, ಪೂರ್ತಿ ಇಂಗ್ಲಿಷ್. ಅತ್ತಿಗೆ ಪೆನ್ನು ಹಿಡಿದು ಒಂದು ಸಲ ಮೇಲಿಂದ ಕೆಳಗೆ ನೋಡಿದರು. "ಕೊಡಿ ಅತ್ತಿಗೆ, ನಾನೇ ತುಂಬ್ತೀನಿ" ಅಂದೆ. ಡಯಾಬಿಟಿಸ್? ನೋ. ಅಲರ್ಜಿ? ನೋ. ಮೆಡಿಕೇಷನ್? ನೋ. ಸ್ಕಿನ್ ಟ್ರೀಟ್‌ಮೆಂಟ್? ನೋ. ಹನ್ನೊಂದು ಪ್ರಶ್ನೆಗೆ ಹನ್ನೊಂದು ನೋ. ಅರ್ಧ ನಿಮಿಷ ಕೂಡ ಆಗಲಿಲ್ಲ. ಒಂದೇ ಮನೆಯಲ್ಲಿ ಇರುವವರು, ಒಂದೇ ಪಾತ್ರೆ ಅನ್ನ ತಿನ್ನುವವರು, ನನಗೆ ಗೊತ್ತಿಲ್ಲದ್ದು ಏನಿರುತ್ತೆ? ಪ್ರಶ್ನೆಗಳನ್ನು ಬಾಯಿಬಿಟ್ಟು ಓದಲೂ ಇಲ್ಲ.

ಮ್ಯಾಮ್ ಸ್ಟಾಪ್‌ವಾಚ್ ಒತ್ತಿದರು. ಹದಿನೈದು ನಿಮಿಷ.

ಅತ್ತಿಗೆಯ ಮುಖ ಒರೆಸುವಾಗ ಚರ್ಮ ಹೊಳೆಯುತ್ತಿತ್ತು. ಕೆನ್ನೆಯ ಮೇಲೆ ದಾರದ ಎಳೆಯಂಥ ಸಣ್ಣ ಕೆಂಪು ಗೆರೆಗಳು ಇದ್ದವು. ನೋಡಿದೆ. ನೋಡಿ ಹೇಳಿದ್ದೇನು ಗೊತ್ತಾ? "ಅತ್ತಿಗೆ, ಇತ್ತೀಚೆಗೆ ಒಳ್ಳೆ ಗ್ಲೋ ಬಂದಿದೆ ನಿಮ್ಮ ಮುಖಕ್ಕೆ." ಅವರು ಖುಷಿಯಿಂದ ನಕ್ಕರು.

ಪೌಡರ್ ಹಚ್ಚಿದೆ. ವ್ಯಾಕ್ಸ್ ಮಣಿಕಟ್ಟಿನ ಮೇಲೆ ಹಾಕಿ ಬಿಸಿ ನೋಡಿದೆ. ಎಡಗಡೆ ಮೊದಲು. ತೆಳುವಾಗಿ ಎಳೆದು, ಸ್ಟ್ರಿಪ್ ಒತ್ತಿ, ಚರ್ಮ ಬಿಗಿಹಿಡಿದು ಎಳೆದೆ. ಚೆನ್ನಾಗಿ ಬಂತು. ಸ್ವಲ್ಪ ಜಾಸ್ತಿಯೇ ಕೆಂಪಾಯಿತು. "ಉರೀತಿದೆ ಕಣೇ ಪುಟ್ಟಿ" ಅಂದರು. "ನಾರ್ಮಲ್ ಅತ್ತಿಗೆ, ಎಲ್ಲರಿಗೂ ಆಗುತ್ತೆ" ಅಂದೆ. ಬಲಗಡೆಯೂ ಎಳೆದೆ. ತುಟಿಯ ಮೂಲೆಯಲ್ಲಿ ನಾಲ್ಕೈದು ಕೂದಲು ಉಳಿದುಬಿಟ್ಟವು. ಟ್ವೀಜರ್ ಟ್ರಾಲಿಯಲ್ಲೇ ಇತ್ತು. ಆದರೆ ಮ್ಯಾಮ್ ಪಕ್ಕದ ಬೆಡ್‌ವರೆಗೆ ಬಂದಿದ್ದರು, ಫಿನಿಶಿಂಗ್‌ಗೆ ಮಾರ್ಕ್ಸ್ ಇತ್ತು. ಅದೇ ಜಾಗಕ್ಕೆ ಎರಡನೇ ಸಲ ವ್ಯಾಕ್ಸ್ ಹಾಕಿದೆ. ಎಳೆದೆ.

ಶಬ್ದವೇ ಬೇರೆ ಬಂತು. ಒಣಗಿದ ಪರ್ ಅನ್ನುವ ಶಬ್ದ ಅಲ್ಲ. ಒದ್ದೆ ಕಾಗದ ಕಿತ್ತ ಹಾಗೆ. ಅತ್ತಿಗೆ ಕೂಗಲಿಲ್ಲ. ಅವರ ಕೈ ಮಾತ್ರ ಬೆಡ್‌ಶೀಟನ್ನು ಮುಷ್ಟಿಯಲ್ಲಿ ಹಿಡಿಯಿತು. ಕಡಲೆಬೇಳೆಯಷ್ಟು ಜಾಗ. ಗುಲಾಬಿ ಬಣ್ಣ, ಹೊಳಪು, ಆಮೇಲೆ ನೋಡನೋಡುತ್ತಲೇ ಸಣ್ಣಗೆ ನೀರು ಒಸರಿತು. ನಾನು ಸ್ಟ್ರಿಪ್ ತಿರುಗಿಸಿ ನೋಡಿದೆ. ಕೂದಲ ಜೊತೆ ಈರುಳ್ಳಿ ಪೊರೆಯಂಥದ್ದು ಅಂಟಿಕೊಂಡಿತ್ತು.

ಆಗ ಮಾಡಬಾರದ್ದು ಇನ್ನೊಂದು ಮಾಡಿದೆ. ಕೈಗೆ ಸಿಕ್ಕ ಆಫ್ಟರ್ ವ್ಯಾಕ್ಸ್ ಲೋಷನ್ ಹಚ್ಚಿದೆ. ಘಮಘಮ ಸೆಂಟ್ ಇರುವಂಥದ್ದು. ಅದಕ್ಕೆ ಅತ್ತಿಗೆ ಕೂಗಿದರು.

ಇಡೀ ರೂಂ ತಿರುಗಿ ನೋಡಿತು. ನನ್ನ ಬಾಯಿಂದ ಬಂದ ಮೊದಲ ಮಾತು: "ಮ್ಯಾಮ್, ಹೀಟರ್ ಮ್ಯಾಮ್. ನಾಬ್ ಇಲ್ಲದ್ದು. ಸುಟ್ಟುಬಿಟ್ಟಿದೆ." ಎಲ್ಲರೂ ಹೌದೌದು ಅಂದರು. ಆ ಹೀಟರ್ ಮೇಲೆ ಎಲ್ಲರಿಗೂ ಸಿಟ್ಟಿತ್ತು. ಮ್ಯಾಮ್ ಮಾತಾಡಲಿಲ್ಲ. ಅದೇ ಡಬ್ಬಿಯಿಂದ ಒಂದು ಸ್ಪ್ಯಾಚುಲಾ ವ್ಯಾಕ್ಸ್ ತೆಗೆದು ತಮ್ಮ ಮಣಿಕಟ್ಟಿನ ಮೇಲೆ ಹಾಕಿಕೊಂಡರು. ಹಾಗೇ ಹಿಡಿದು ನನಗೆ ತೋರಿಸಿದರು. ಬೆಚ್ಚಗಿತ್ತು ಅಷ್ಟೇ. ಆ ಮೌನ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಲೋಷನ್ ತೊಳೆಸಿದರು. ಗಾಜ್ ತಣ್ಣೀರಲ್ಲಿ ಅದ್ದಿ ಇಟ್ಟರು. ಯಾರೋ ಬೇಕರಿಯಿಂದ ಐಸ್ ತಂದರು. ನೇರವಾಗಿ ಇಡಬೇಡಿ ಅಂತ ವಾಪಸ್ ಕಳಿಸಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಅತ್ತಿಗೆಯ ತಲೆ ಪಕ್ಕ ಕೂತು, ನನಗೆ ಯಾವತ್ತೂ ಮರೆಯದ ಸಮಾಧಾನದಲ್ಲಿ ಕೇಳಿದರು.

"ಅಮ್ಮ, ಮುಖಕ್ಕೆ ಏನು ಹಚ್ಚುತ್ತೀರಾ?"

"ಏನೂ ಇಲ್ಲ ಮೇಡಂ."

"ರಾತ್ರಿ ಮಲಗೋ ಮುಂಚೆ?"

"ಬರೀ ಒಂದು ಕ್ರೀಮು. ಬಂಗಿಗೆ."

"ಡಾಕ್ಟರ್ ಕೊಟ್ಟಿದ್ದಾ?"

"ಇಲ್ಲ ಮೇಡಂ, ನಮ್ಮ ರಸ್ತೆ ಮೆಡಿಕಲ್‌ನವರು. ಚಿಕ್ಕವನು ಹುಟ್ಟಿದ ಮೇಲೆ ಬಂಗು ಬಂತಲ್ಲ, ಆಗಿಂದ. ಎರಡು ವರ್ಷ ಆಯ್ತು."

ಮ್ಯಾಮ್ ನನ್ನ ಕಡೆ ನೋಡಿದರು. ಕೈಯಲ್ಲಿ ನಾನು ತುಂಬಿದ ಫಾರಂ ಇತ್ತು.

ಮನೆಗೆ ಹೋಗಿ ಹುಡುಕಬೇಕಾಗಿಯೇ ಇರಲಿಲ್ಲ. ಬಚ್ಚಲು ಮನೆಯ ಕನ್ನಡಿ ಕೆಳಗೆ, ನನ್ನ ಬ್ರಷ್ ಇಡುವ ಲೋಟಕ್ಕೆ ಒರಗಿಕೊಂಡೇ ಆ ಟ್ಯೂಬ್ ಇರುತ್ತಿತ್ತು. ಕೆಳಗಿಂದ ಸುತ್ತಿ ಸುತ್ತಿ ಹಿಂಡಿದ್ದು. ದಿನಾ ಬೆಳಗ್ಗೆ ಅದನ್ನು ಸರಿಸಿ ಬ್ರಷ್ ತೆಗೆದುಕೊಳ್ಳುತ್ತಿದ್ದೆ. ಅವತ್ತು ಮೊದಲ ಸಲ ತಿರುಗಿಸಿ ಓದಿದೆ. ಕಲೆ ತಿಳಿ ಮಾಡುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅನ್ನುವ ಸ್ಟಿರಾಯ್ಡ್. ಲಿಸ್ಟ್‌ನಲ್ಲಿ ನಾನು ಬಾಯಿಪಾಠ ಮಾಡಿದ್ದ ಎರಡೂ ಒಂದೇ ಟ್ಯೂಬಿನಲ್ಲಿ. ಟ್ರೆಟಿನಾಯಿನ್ ಮೇಲಿನ ಪದರ ಸಡಿಲ ಮಾಡುತ್ತೆ. ಸ್ಟಿರಾಯ್ಡ್ ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ, ಕೆಂಪು ನರ ಕಾಣುತ್ತೆ, ಮುಖದಲ್ಲಿ ಕೂದಲೂ ಜಾಸ್ತಿ ಆಗಬಹುದು. ನಾನು ಗ್ಲೋ ಅಂದಿದ್ದು ಅದನ್ನೇ. ಅತ್ತಿಗೆ ಕೂದಲು ಜಾಸ್ತಿ ಆಗ್ತಿದೆ ಅಂದಿದ್ದಕ್ಕೂ ಅದೇ ಕಾರಣ ಇದ್ದಿರಬಹುದು.

ಇಂಥ ಕ್ರೀಮನ್ನು ಚರ್ಮದ ಡಾಕ್ಟರು ಬಂಗಿಗೆ ಕೆಲವು ವಾರ ಅಂತ ಲೆಕ್ಕ ಹಾಕಿ ಬರೆದುಕೊಡುತ್ತಾರೆ. ಮೆಡಿಕಲ್‌ನಲ್ಲಿ ಲೆಕ್ಕ ಇಲ್ಲ. ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಬಿಗಿ ಮಾಡಿತ್ತು. ನಮ್ಮ ರಸ್ತೆಗೆ ಆ ಸುದ್ದಿ ಇನ್ನೂ ಬಂದಿರಲಿಲ್ಲ.

ಇನ್ನು ಅತ್ತಿಗೆ ಸುಳ್ಳು ಹೇಳಿದರಾ? ಇಲ್ಲ. ಅವರ ಲೆಕ್ಕದಲ್ಲಿ ಮೆಡಿಸಿನ್ ಅಂದರೆ ನುಂಗುವ ಮಾತ್ರೆ. ಕ್ರೀಮು ಕ್ರೀಮೇ. ಮ್ಯಾಮ್ "ಏನು ಹಚ್ಚುತ್ತೀರಾ" ಅಂದಾಗಲೂ ಮೊದಲು "ಏನೂ ಇಲ್ಲ" ಅಂದರಲ್ಲ. "ರಾತ್ರಿ ಮಲಗೋ ಮುಂಚೆ" ಅಂದಾಗ ತಾನೇ ಟ್ಯೂಬ್ ನೆನಪಾಗಿದ್ದು. ಆ ಎರಡನೇ ಪ್ರಶ್ನೆಗೇ ಇಪ್ಪತ್ತು ವರ್ಷದ ಸಂಬಳ ಕೊಡಬೇಕು.

ಮ್ಯಾನೇಜ್‌ಮೆಂಟ್ ಏನು ಮಾಡಿತು ಅಂದರೆ, ರಿಜಿಸ್ಟರ್‌ನಲ್ಲಿ "ಮಾಡೆಲ್ ಸ್ಕಿನ್ ಸೆನ್ಸಿಟಿವ್" ಅಂತ ಬರೆಸಿ ಅತ್ತಿಗೆಯ ಕೈಯಲ್ಲಿ ಸೈನ್ ಹಾಕಿಸಿಕೊಂಡಿತು. ಫಾರಂ ಕನ್ನಡದಲ್ಲಿ ಮಾಡಿಸೋಣ ಅಂತ ಮ್ಯಾಮ್ ಕೇಳಿದ್ದಕ್ಕೆ, ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಹೋಗುತ್ತೆ ಅಂದರಂತೆ. ಹೀಟರ್‌ಗೆ ಮಾತ್ರ ಮರುದಿನವೇ ಹೊಸ ನಾಬ್ ಬಂತು. ಪಾಪ, ಆ ಹೀಟರ್‌ದು ಏನೂ ತಪ್ಪಿರಲಿಲ್ಲ. ನನಗೆ ಆ ಇಂಟರ್ನಲ್ಸ್‌ನಲ್ಲಿ ಸೊನ್ನೆ. ಮತ್ತೆ ಬರೆಯೋಕೆ ಫೀಸ್ ಬೇರೆ.

ಭಾನುವಾರದ ಹೊತ್ತಿಗೆ ಅಲ್ಲಿ ಕಂದು ಹೊಪ್ಪಳೆ ಕಟ್ಟಿತ್ತು. ಎಲ್ಲರಿಗೂ ಮೇಕಪ್ ನಾನೇ ಅಂತ ಮೊದಲೇ ಮಾತಾಗಿತ್ತು. ಮದುವೆ ಹುಡುಗಿಗೆ ಮಾಡಿದೆ, ಕೈ ನಡುಗುತ್ತಲೇ. ಹೊಪ್ಪಳೆ ಮೇಲೆ ಫೌಂಡೇಶನ್ ಹಾಕುವ ಹಾಗಿಲ್ಲ. ವ್ಯಾಸಲೀನ್ ಮಾತ್ರ ಹಚ್ಚಿ ಅತ್ತಿಗೆಯನ್ನು ಹಾಗೇ ಬಿಟ್ಟೆ. ಅವರಮ್ಮ ನೋಡಿದವರೇ, "ಏನೇ ಇದು ಮೂತಿ ಮೇಲೆ?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ, "ಒಗ್ಗರಣೆ ಸಿಡೀತು ಕಣಮ್ಮ" ಅಂದುಬಿಟ್ಟರು. ಅವತ್ತು ಮಧ್ಯಾಹ್ನದವರೆಗೆ ಏನಿಲ್ಲ ಅಂದರೂ ಮೂವತ್ತು ಜನಕ್ಕೆ ಅದೇ ಒಗ್ಗರಣೆ ಕತೆ ಹೇಳಿರಬೇಕು. ಆಲ್ಬಂನಲ್ಲಿ ನೋಡಿದರೆ ಪ್ರತಿ ಫೋಟೋದಲ್ಲೂ ಅವರ ಸೆರಗು ಬಾಯಿಯ ಹತ್ತಿರ ಇದೆ.

ಹೊಪ್ಪಳೆ ಉದುರಿತು. ಕೆಂಪು ಹೋಯಿತು. ನಮ್ಮ ಬಣ್ಣದ ಚರ್ಮದಲ್ಲಿ ಆಮೇಲೆ ಉಳಿಯೋದು ಕಪ್ಪು. ಅದು ಹೋಗೋಕೆ ನಾಲ್ಕು ತಿಂಗಳು ಹಿಡಿಯಿತು. ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋದೆ. ಆ ಕ್ರೀಮನ್ನು ನಿಧಾನವಾಗಿ ಬಿಡಿಸಿದರು, ಸನ್‌ಸ್ಕ್ರೀನ್ ಕೊಟ್ಟರು. ಕ್ರೀಮ್ ಬಿಟ್ಟ ಮೇಲೆ ಮುಖವೆಲ್ಲ ಕೆಂಪಾಗಿ, ತುರಿಕೆ ಬಂದು, ಬಂಗು ಮೊದಲಿಗಿಂತ ಜಾಸ್ತಿ ಕಾಣತೊಡಗಿತು. "ಚೆನ್ನಾಗಿದ್ದ ಮುಖ ನಿನ್ನಿಂದ ಹೀಗಾಯ್ತು" ಅಂತ ಒಂದು ದಿನ ಅತ್ತುಬಿಟ್ಟರು. ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಕೊಡಬಹುದಿತ್ತು, ಡಾಕ್ಟರ್ ಎಲ್ಲ ವಿವರಿಸಿದ್ದರು. ಆದರೆ ಎರಡನೇ ಸಲ ವ್ಯಾಕ್ಸ್ ಹಾಕಿದವಳು ನಾನು ತಾನೇ.

ಈಗ ನಂದೇ ಎರಡು ಕುರ್ಚಿ, ಒಂದು ಬೆಡ್‌ನ ಪುಟ್ಟ ಪಾರ್ಲರ್ ಇದೆ. ಫಾರಂ ಕನ್ನಡದಲ್ಲಿ ನಾನೇ ಬರೆದಿದ್ದೇನೆ, ಆರು ಪ್ರಶ್ನೆ. ಮೊದಲನೇದು: ಬಚ್ಚಲು ಮನೆಯಲ್ಲಿ ನಿಮ್ಮ ಬ್ರಷ್ ಪಕ್ಕ ಏನೇನು ಟ್ಯೂಬ್ ಇದೆ? ಹೊಸ ಹುಡುಗಿಯರು ಕೆಲಸಕ್ಕೆ ಸೇರಿದರೆ ಇದನ್ನು ಓದಿ ಕಿಸಕ್ ಅಂತ ನಗುತ್ತಾರೆ. ಕಸ್ಟಮರ್‌ಗಳು ಮಾತ್ರ ನಗೋದಿಲ್ಲ. ಒಂದು ಕ್ಷಣ ಮೇಲೆ ನೋಡಿ ಯೋಚಿಸಿ, "ಹಾಂ, ಒಂದು ಇದೆ" ಅನ್ನುತ್ತಾರೆ. ಎಷ್ಟು ಜನ ಹಾಗನ್ನುತ್ತಾರೆ ಅಂದರೆ ಹೆದರಿಕೆ ಆಗುತ್ತೆ. ಅಂಥವರಿಗೆ ವ್ಯಾಕ್ಸ್ ಇಲ್ಲ ಅಂದರೆ ಅರ್ಧ ಜನ ಸಿಟ್ಟು ಮಾಡಿಕೊಂಡು ಮುಂದಿನ ಕ್ರಾಸ್‌ನ ಪಾರ್ಲರ್‌ಗೆ ಹೋಗುತ್ತಾರೆ. ಅಲ್ಲಿ ಏನೂ ಕೇಳದೆ ಮಾಡುತ್ತಾರೆ, ರೇಟೂ ಕಮ್ಮಿ.

ಹೋದ ತಿಂಗಳು ಅತ್ತಿಗೆ ಪಾರ್ಲರ್‌ಗೆ ಬಂದಿದ್ದರು. ಹೇರ್ ಕಟ್‌ಗೆ. ಕೂತವರೇ, "ಎಲ್ಲಿ ನಿನ್ನ ಫಾರಂ?" ಅಂದರು. ಹೇರ್ ಕಟ್‌ಗೆ ಬೇಡ ಅತ್ತಿಗೆ ಅಂದೆ. "ಕೊಡು ಅಂದ್ರೆ ಕೊಡು" ಅಂತ ಕಿತ್ತುಕೊಂಡು, ಕನ್ನಡಕ ಹಾಕಿಕೊಂಡು, ಆರೂ ಪ್ರಶ್ನೆಗೆ ತಮ್ಮ ಕೈಯಾರೆ ಉತ್ತರ ಬರೆದರು. ಹದಿನೈದು ನಿಮಿಷ ಹಿಡಿಯಿತು.